ಮೂರನೇ ಪುಟದ ಕೊನೆಯ ಸಾಲು

ಹಾವೇರಿ ಕಡೆಯ ಓದುಗರೊಬ್ಬರ ನಾಲ್ಕು ಪುಟಗಳ ಪತ್ರ ವಾರದಿಂದ ನನ್ನ ಮೇಜಿನ ಮೇಲಿದೆ. ಉಳಿದವರು ಮನ್ನಿಸಬೇಕು, ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಸಂಗತಿ ಇಷ್ಟು. ಬರೆದವರಿಗೆ 36 ವರ್ಷ, ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾರೆ. ಕಿರಾಣಿ ಅಂಗಡಿ ನಡೆಸುತ್ತಿದ್ದ ತಂದೆ ಹೋದ ವರ್ಷ ಲಿವರ್ ಕ್ಯಾನ್ಸರಿನಿಂದ ತೀರಿಕೊಂಡರು. ರೋಗ ಗೊತ್ತಾದ ಮೇಲೆ ಉಳಿದದ್ದು ನಾಲ್ಕೇ ತಿಂಗಳು. ಜೀವಮಾನದಲ್ಲಿ ಒಂದು ಹನಿ ಹೆಂಡ ಮುಟ್ಟದ ಮನುಷ್ಯ. ಆದರೂ ಮಣ್ಣು ಮುಗಿಸಿ ಬಂದ ನೆಂಟರು ಅವರದೇ ಜಗುಲಿಯಲ್ಲಿ ಕುಳಿತು, "ಒಳಗೊಳಗೆ ಕುಡಿಯುತ್ತಿದ್ದರೇನೋ" ಎಂದು ಪಿಸುಗುಟ್ಟಿದರು. ಈಗ ಅಂಗಡಿ ತಾಯಿಯದು. 31 ವರ್ಷದ ತಮ್ಮನಿಗೆ ಗದಗದಿಂದ ಒಳ್ಳೆಯ ಸಂಬಂಧ ಬಂದಿದೆ. ಯಜಮಾನರು ಹೇಗೆ ಹೋದರು ಎಂದು ಹೆಣ್ಣಿನ ಕಡೆಯವರು ಕೇಳಿದಾಗ ತಾಯಿ ‘ಹಾರ್ಟ್ ಅಟ್ಯಾಕ್’ ಎಂದುಬಿಟ್ಟರು. ಬರುವ ತಿಂಗಳು ನಿಶ್ಚಯ. ಸುಳ್ಳು ಹೇಳಿ ಹೆಣ್ಣು ತರುವುದೋ, ನಿಜ ಹೇಳಿ ಸಂಬಂಧ ಕಳೆದುಕೊಳ್ಳುವುದೋ ಎಂಬುದು ಅಕ್ಕನ ಸಂಕಟ.

ಇನ್ನು ನಿಮ್ಮೊಂದಿಗೇ ಮಾತು, ತಂಗಿ. ಆ ಸುಳ್ಳಿಗೆ ಎರಡು ಪುಟ ಕೊಟ್ಟಿದ್ದೀರಿ, ನೆಂಟರ ಪಿಸುಮಾತಿಗೆ ಹತ್ತಿರ ಹತ್ತಿರ ಒಂದು ಪುಟ. ಮೂರನೇ ಪುಟದ ಕೊನೆಯಲ್ಲಿ, ಆವರಣ ಚಿಹ್ನೆಯೊಳಗೆ ಮುದುರಿಕೊಂಡು ಹೀಗೊಂದು ಮಾತಿದೆ: "ಎರಡು ವರ್ಷದ ಹಿಂದೆ ತಮ್ಮ ತನ್ನ ಕಚೇರಿಯ ಶಿಬಿರದಲ್ಲಿ ರಕ್ತ ಕೊಟ್ಟಿದ್ದ. ರಕ್ತನಿಧಿಯವರು ಫೋನ್ ಮಾಡಿ ಒಮ್ಮೆ ಬಂದು ಹೋಗಿ ಎಂದಿದ್ದರು. ಸೋದರಮಾವ ಬೇಡವೆಂದರು, ಅವನು ಹೋಗಲಿಲ್ಲ."

ಇಡೀ ಪತ್ರದಲ್ಲಿ ನನ್ನ ನಿದ್ದೆ ಕೆಡಿಸಿದ್ದು ಇದೊಂದೇ.

ರಕ್ತನಿಧಿಯವರು ಯಾರನ್ನೂ ಕಾಫಿಗೆ ಕರೆಯುವುದಿಲ್ಲ. ನಮ್ಮ ದೇಶದಲ್ಲಿ ದಾನವಾಗಿ ಬಂದ ಪ್ರತಿ ಚೀಲ ರಕ್ತವನ್ನೂ ಐದು ಸೋಂಕುಗಳಿಗಾಗಿ ಪರೀಕ್ಷಿಸುವುದು ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ನಿಮ್ಮ ತಮ್ಮನನ್ನು ಯಾವುದಕ್ಕೆ ಕರೆದರೋ, ಅಲ್ಲಿಗೆ ಹೋಗದೆ ತಿಳಿಯದು. ಆದರೆ ನೀವೇ ಬರೆದ ಲೆಕ್ಕವನ್ನು ಒಮ್ಮೆ ಕೂಡಿಸಿ. ತಂದೆಯ ತಾಯಿ "ಹೊಟ್ಟೆಯಲ್ಲಿ ನೀರು ತುಂಬಿ" ಹೋದರು. ಚಿಕ್ಕಪ್ಪ 48ನೇ ವಯಸ್ಸಿಗೆ "ಕಾಮಾಲೆ ವಿಪರೀತಕ್ಕೆ ಹೋಗಿ" ತೀರಿಕೊಂಡರು. ಆಮೇಲೆ ತಂದೆ. ಮೂವರಲ್ಲಿ ಒಬ್ಬರೂ ಕುಡಿದವರಲ್ಲ. ನೀವು ಇದನ್ನು ಮನೆತನದ ಶಾಪ ಎಂದಿದ್ದೀರಿ. ಇದೇ ಲೆಕ್ಕವನ್ನು ಲಿವರ್ ವೈದ್ಯರ ಮುಂದಿಟ್ಟರೆ ಅವರ ಬಾಯಿಂದ ಮೊದಲು ಬರುವ ಹೆಸರು ಹೆಪಟೈಟಿಸ್ ಬಿ.

ಲಿವರಿಗೆ ತಗುಲುವ ಈ ವೈರಸ್ ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಕೂಸಿಗೆ ದಾಟುತ್ತದೆ. ಎಳವೆಯಲ್ಲಿ ಗಾಯ, ಬ್ಲೇಡು, ಸೂಜಿಗಳ ಮೂಲಕ ಮನೆಯೊಳಗೇ ಹರಡುವುದೂ ಉಂಟು. ದೊಡ್ಡವರಿಗೆ ತಗುಲಿದರೆ ಬಹುಪಾಲು ಜನರ ದೇಹ ಅದನ್ನು ತಾನೇ ಹೊರಹಾಕುತ್ತದೆ. ಹುಟ್ಟುವಾಗ ತಗುಲಿದರೆ ಹತ್ತು ಕೂಸುಗಳ ಪೈಕಿ ಒಂಬತ್ತರಲ್ಲಿ ಬೇರು ಬಿಡುತ್ತದೆ. ಬೇರು ಬಿಟ್ಟದ್ದು ಮೂವತ್ತು ನಲವತ್ತು ವರ್ಷ ಸದ್ದು ಮಾಡದೆ ಇರಬಲ್ಲದು. ಕಣ್ಣು ಹಳದಿಯಾಗುವುದಿಲ್ಲ, ಹಸಿವು ಕೆಡುವುದಿಲ್ಲ. ಕೊನೆಗೆ ಒಬ್ಬರ ಹಿಂದೊಬ್ಬರು ಹೋದಾಗ ಊರು ಒಂದೋ ಕುಡಿತ ಎನ್ನುತ್ತದೆ, ಇಲ್ಲವೇ ವಂಶದ ದೋಷ ಎನ್ನುತ್ತದೆ. ವಂಶದ ಪಾಲು ಇಲ್ಲವೇ ಇಲ್ಲ ಎಂದಲ್ಲ. ಹೆತ್ತವರಿಗೋ ಒಡಹುಟ್ಟಿದವರಿಗೋ ಲಿವರ್ ಕ್ಯಾನ್ಸರ್ ಬಂದಿದ್ದರೆ ನಮಗೂ ಬರುವ ಅಪಾಯ ಎರಡು ಮೂರು ಪಟ್ಟು ಹೆಚ್ಚು. ವೈರಸ್ಸೂ ಜೊತೆಗೂಡಿದರೆ ಅದಕ್ಕಿಂತ ಬಹಳ ಹೆಚ್ಚು. ಇದರ ಲಸಿಕೆ ದೇಶದ ಎಲ್ಲ ರಾಜ್ಯಗಳ ಮಕ್ಕಳ ಪಟ್ಟಿಗೆ ಸೇರಿದ್ದು 2011ರಲ್ಲಿ. ನೀವು ಅಕ್ಕ ತಮ್ಮ ಅದಕ್ಕೆ ಬಹಳ ಮೊದಲು ಹುಟ್ಟಿದವರು.

ನಿಮ್ಮ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಗಂಡನನ್ನು ಕಳೆದುಕೊಂಡು ವರ್ಷ ತುಂಬುವುದರೊಳಗೆ ಮಗನ ಮದುವೆ ಮಾತಿಗೆ ಕುಳಿತ ಹೆಂಗಸು, ಹೆದರಿ ಬಾಯಿಗೆ ಬಂದದ್ದನ್ನು ಹೇಳಿದರು. ಸಿಟ್ಟೆಲ್ಲ ನಿಮ್ಮ ಸೋದರಮಾವನ ಮೇಲೆ. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇಂಥ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಆಸ್ತಿ ಪಾಲು, ಹೆಣ್ಣು ನೋಡುವುದು, ಗುಳಿಗೆ ನುಂಗುವುದು, ಎಲ್ಲಕ್ಕೂ ಅವರದೇ ಕೊನೆಯ ಮಾತು. ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುವ ದಿನ ಮಾತ್ರ ಅವರಿಗೆ ಊರಲ್ಲಿ ಕೆಲಸವಿರುತ್ತದೆ. "ರಕ್ತದಲ್ಲಿ ಏನೋ ಇದೆಯೆಂದರೆ ಯಾರು ಹೆಣ್ಣು ಕೊಡುತ್ತಾರೆ" ಎಂದು ಅವರು ಹುಡುಗನನ್ನು ತಡೆದದ್ದು ಎರಡು ವರ್ಷದ ಹಿಂದೆ. ಅಂದು ನಿಮ್ಮ ತಂದೆ ಇನ್ನೂ ಅಂಗಡಿಯಲ್ಲಿ ತಕ್ಕಡಿ ಹಿಡಿದು ಕೂರುತ್ತಿದ್ದರು. ಹೆಪಟೈಟಿಸ್ ಬಿ ಎಂದು ತಿಳಿದಿದ್ದರೆ ವೈದ್ಯರು ಮನೆಮಂದಿಯನ್ನೆಲ್ಲ ಪರೀಕ್ಷೆಗೆ ಕರೆಯುತ್ತಿದ್ದರು. ಮುಂದಿನ ವಾಕ್ಯವನ್ನು ನಾನು ಬರೆಯುವುದಿಲ್ಲ.

ತಡೆದದ್ದು ಸಾಲದೆಂದು ಮೂರು ತಿಂಗಳು ನೆಲನೆಲ್ಲಿ ರಸ ಬೇರೆ ಕುಡಿಸಿದ್ದಾರೆ, "ಎಲ್ಲ ತೊಳೆದು ಹೋಗುತ್ತದೆ" ಎಂದು. ನೆಲನೆಲ್ಲಿಯನ್ನು ನಾನು ಹೀಗಳೆಯುವುದಿಲ್ಲ. ಹೆಪಟೈಟಿಸ್ ಬಿ ವೈರಸ್ಸಿನ ಸುಳಿವು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲಂಬರ್ಗ್ ಅವರೇ ಈ ಗಿಡದ ಬೆನ್ನು ಹತ್ತಿದ್ದರು. 1988ರಲ್ಲಿ ಮದ್ರಾಸಿನ ವೈದ್ಯರು ಇದರಿಂದ ಹಲವರ ರಕ್ತ ಶುದ್ಧವಾಯಿತೆಂದು ವರದಿ ಮಾಡಿದಾಗ ಜಗತ್ತೇ ಇತ್ತ ತಿರುಗಿತು. ಆಮೇಲೆ ಥಾಯ್ಲೆಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ ಮತ್ತೆ ಮಾಡಿ ನೋಡಿದರೆ ವೈರಸ್ ಜಗ್ಗಲಿಲ್ಲ. ಇವರೆಲ್ಲ ರಸ ಕುಡಿಸುವ ಮೊದಲೂ ಆಮೇಲೂ ರಕ್ತ ಪರೀಕ್ಷಿಸಿದ್ದರು. ಸೋದರಮಾವ ಪರೀಕ್ಷೆಯನ್ನು ತಪ್ಪಿಸಿ ರಸ ಮಾತ್ರ ಉಳಿಸಿಕೊಂಡರು.

ಇನ್ನೊಂದು ಮಾತು, ನಿಷ್ಠುರ ಎನಿಸಿದರೂ ಹೇಳಬೇಕು. ತಂದೆಯ ಶೇವಿಂಗ್ ಸೆಟ್ಟನ್ನು ತಮ್ಮ ಇಂದಿಗೂ ಬಳಸುತ್ತಾನೆ, ಹಿತ್ತಾಳೆ ಬಟ್ಟಲು, ಹಿಡಿಕೆ ಸವೆದ ಬ್ರಷ್ ಎಲ್ಲ ಹಾಗೇ ಇದೆ ಎಂದು ಅಕ್ಕರೆಯಿಂದ ಬರೆದಿದ್ದೀರಿ. ಇಬ್ಬರೂ ಒಂದೇ ಕನ್ನಡಿಯ ಮುಂದೆ ನಿಲ್ಲುತ್ತಿದ್ದರು ಎಂದೂ ಬರೆದಿದ್ದೀರಿ. ಬಟ್ಟಲು ನೆನಪಿಗಿರಲಿ. ರೇಜರ್ ಮತ್ತು ಹಲ್ಲುಜ್ಜುವ ಬ್ರಷ್ ಮಾತ್ರ ಯಾವ ಮನೆಯಲ್ಲೂ ಇಬ್ಬರದಾಗಬಾರದು. ಹಾಗೆಂದು ಇನ್ನು ತಮ್ಮನಿಗೆ ಬೇರೆ ತಟ್ಟೆ, ಬೇರೆ ಲೋಟ ಇಡಲು ಹೊರಡಬೇಡಿ. ಒಟ್ಟಿಗೆ ಉಂಡರೆ, ತಬ್ಬಿಕೊಂಡರೆ ಇದು ಅಂಟುವುದಿಲ್ಲ. ಯಾರಿಂದ ಯಾರಿಗೆ ಬಂತೆಂಬ ವಿಚಾರಣೆಯನ್ನೂ ನಡೆಸಬೇಡಿ. ಅದು ಕೊನೆಗೆ ಯಾವುದಾದರೂ ಹೆಂಗಸಿನ ತಲೆಗೆ ಬರುತ್ತದೆ, ಅವರು ಸತ್ತು ಇಪ್ಪತ್ತು ವರ್ಷವಾದ ಅಜ್ಜಿಯೇ ಆಗಿದ್ದರೂ.

ಸಂಬಂಧದ ಮಾತಿಗೆ ಬರೋಣ, ಅದು ಚಿಕ್ಕದು. ತಮ್ಮನ ರಕ್ತದಲ್ಲಿ ಹೆಪಟೈಟಿಸ್ ಬಿ ಇದ್ದರೂ ಮದುವೆಗೆ ಅಡ್ಡಿಯಿಲ್ಲ. ಹುಡುಗಿ ಮೊದಲು ಪರೀಕ್ಷೆ ಮಾಡಿಸಿ ಮೂರು ಲಸಿಕೆ ಹಾಕಿಸಿಕೊಳ್ಳಬೇಕು: ಇಂದು ಒಂದು, ತಿಂಗಳಿಗೆ ಒಂದು, ಆರು ತಿಂಗಳಿಗೆ ಒಂದು. ಅವನಿಗೆ ಬೇಕಾದರೆ ದಿನಕ್ಕೊಂದು ಮಾತ್ರೆ, ಜೊತೆಗೆ ವೈದ್ಯರು ಹೇಳಿದಂತೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್. ಗಡ್ಡೆ ಚಿಕ್ಕದಿರುವಾಗ ಸಿಕ್ಕರೆ ತೆಗೆಯಲು ದಾರಿಗಳಿವೆ. ನಿಮ್ಮ ತಂದೆಗೆ ಆ ಅವಕಾಶ ಸಿಗಲಿಲ್ಲ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮವೊಂದರಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ, ಮಾತ್ರೆ ಉಚಿತ. ವರದಿ ಏನೇ ಬರಲಿ, ಹುಡುಗಿಗೆ ಹೇಳಬೇಕಾದವನು ತಮ್ಮ, ನಿಶ್ಚಯಕ್ಕೆ ಮೊದಲು, ನೇರವಾಗಿ ಅವಳಿಗೇ. ತಂದೆ ಹೇಗೆ ಹೋದರೆಂಬುದೂ ಅದೇ ಮಾತಿನಲ್ಲಿ ಬರುತ್ತದೆ. ನೀವು ಗದಗಕ್ಕೆ ಹೋಗಿ ತಾಯಿಯ ಸುಳ್ಳನ್ನು ಬಿಚ್ಚಿಡಬೇಕಾಗಿಲ್ಲ.

ನೀವು ಮಾಡಬೇಕಾದದ್ದು ಒಂದೇ. ಬರುವ ಸೋಮವಾರ ತಾಯಿ, ತಮ್ಮ, ನೀವು ಮೂವರೂ ಹಾವೇರಿಯ ಜಿಲ್ಲಾಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬನ್ನಿ. ಹೆಪಟೈಟಿಸ್ ಬಿ ಮತ್ತು ಸಿ ಎಂದು ಬಾಯಿಬಿಟ್ಟು ಹೇಳಿ, ಮೂರು ಸಾವುಗಳನ್ನೂ ಹೇಳಿ. ರಕ್ತನಿಧಿಯ ಫೋನಿನ ವಿಷಯವನ್ನು ತಮ್ಮ ಮುಚ್ಚಿಡದೆ ಹೇಳಲಿ, ಉಳಿದ ಪರೀಕ್ಷೆಗಳನ್ನೂ ಮಾಡುತ್ತಾರೆ. ಚಿಕ್ಕಪ್ಪನ ಮಕ್ಕಳಿಗೆ ಹಿಂದಿನ ರಾತ್ರಿಯೇ ಫೋನ್ ಮಾಡಿ. ಮತ್ತು ಈ ಅಂಕಣ ಓದುವವರಿಗೆ ನನ್ನ ಹಳೆಯ ರಾಗ ಗೊತ್ತೇ ಇದೆ: ಬೀರುವಿನ ಮೇಲೆ ಧೂಳು ತಿನ್ನುತ್ತಿರುವ ತಂದೆಯ ಆಸ್ಪತ್ರೆ ಕಾಗದಗಳ ಚೀಲವನ್ನು ಇಳಿಸಿ ಜೊತೆಗೊಯ್ಯಿರಿ. ಉತ್ತರ ಅದರಲ್ಲೇ ಮುದ್ರಿತವಾಗಿ ಬಿದ್ದಿದ್ದರೆ ನನಗೆ ಆಶ್ಚರ್ಯವಿಲ್ಲ. ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ, ತಿಂಡಿ ತಿಂದೇ ಹೊರಡಿ.

ಅಂಗಡಿ ಮುಚ್ಚಬೇಕಾಗುತ್ತದೆ ಎಂದು ತಾಯಿ ರಾಗ ಎಳೆದರೆ, ಅರ್ಧ ದಿನ ಸೋದರಮಾವನನ್ನು ಗಲ್ಲೆಯ ಮೇಲೆ ಕೂರಿಸಿ.