ಮೇಡಂ ಆದೇಶಕ್ಕೆ ಸರ್ ಒಪ್ಪಿಗೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಕೊಡಗಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ಪ್ರಸೂತಿ ತಜ್ಞೆಯಾಗಿದ್ದ ವೈದ್ಯೆಯೊಬ್ಬರು, ಸೇವಾ ಹಿರಿತನದ ಮೇಲೆ ಅಲ್ಲಿಯೇ ಆಡಳಿತ ವೈದ್ಯಾಧಿಕಾರಿಯಾದ ಕೆಲವು ತಿಂಗಳಲ್ಲಿ ನನ್ನನ್ನು ಕಾಣಲು ಬಂದರು. ನಿದ್ದೆ ಕೆಟ್ಟಿತ್ತು, ಅಧಿಕಾರ ಬಿಟ್ಟುಕೊಟ್ಟು ಹೆರಿಗೆ ವಾರ್ಡಿಗೆ ಮರಳುವ ಯೋಚನೆಯಲ್ಲಿದ್ದರು.

ಅವರನ್ನು ಯಾರೂ ಎದುರು ನಿಂತು ಬೈದಿರಲಿಲ್ಲ. ಮಳೆಗಾಲಕ್ಕೆ ಮೊದಲೇ ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದನ್ನು ತರಿಸಿಡಲು ಅವರು ಇಂಡೆಂಟ್‌ಗೆ ಸಹಿ ಹಾಕಿದಾಗ, ಫಾರ್ಮಸಿ ಅಧಿಕಾರಿ ಅತ್ಯಂತ ವಿನಯದಿಂದ "ಸರ್ ಹತ್ತಿರವೂ ಒಂದು ಮಾತು ಕೇಳಿಬಿಡೋಣ ಮೇಡಂ" ಎಂದಿದ್ದರು. ಆ ಸರ್, ಸೇವೆಯಲ್ಲಿ ಇವರಿಗಿಂತ ಕಿರಿಯರಾದ ಶಸ್ತ್ರಚಿಕಿತ್ಸಕರು. ಕಡತ ಅವರ ಮೇಜಿಗೆ ಹೋಗಿ, ಮೂಲೆಯಲ್ಲಿ ಅವರದೊಂದು ಕಿರುಸಹಿ ಹೊತ್ತು ಮರಳಿತು. ಹಿಂದಿನ ಅಧಿಕಾರಿ ಹಾಜರಾತಿ ಕೇಳಿದರೆ ಶಿಸ್ತು ಎನ್ನುತ್ತಿದ್ದವರು ಇವರು ಕೇಳಿದರೆ ಕಿರಿಕಿರಿ ಎನ್ನುತ್ತಿದ್ದರು. ಹಾಗೆನ್ನುವವರಲ್ಲಿ ಶುಶ್ರೂಷಾಧಿಕಾರಿಗಳೂ ಇದ್ದದ್ದು ಅವರನ್ನು ಹೆಚ್ಚು ನೋಯಿಸಿತ್ತು. ಆರೋಗ್ಯ ರಕ್ಷಾ ಸಮಿತಿಯ ಸದಸ್ಯರಾದ ನಿವೃತ್ತ ಸೈನಿಕರೊಬ್ಬರು "ವೈದ್ಯರಾಗಿ ನೀವು ನಮಗೆ ದೇವರ ಸಮಾನ, ಆದರೆ ಆಸ್ಪತ್ರೆ ನಡೆಸಲು ಗಂಡಸೇ ಬೇಕಮ್ಮ" ಎಂದು ಕಾಳಜಿಯಿಂದಲೇ ಹೇಳಿದ್ದರು. 2004ರಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜನ್ನು ಪುನೀತಾ ಅರೋರಾ ಮುನ್ನಡೆಸಿದ್ದನ್ನೂ, 2024ರಲ್ಲಿ ಆರತಿ ಸರೀನ್ ಮೂರೂ ಪಡೆಗಳ ವೈದ್ಯಕೀಯ ಸೇವೆಯ ಮಹಾನಿರ್ದೇಶಕಿಯಾದದ್ದನ್ನೂ ಆ ಹಿರಿಯರಿಗೆ ಯಾರಾದರೂ ಗೌರವದಿಂದಲೇ ತಿಳಿಸಬೇಕು ಎಂದು ನನಗನಿಸಿತು.

"ನನ್ನ ಧಾಟಿಯಲ್ಲೇ ತಪ್ಪಿದೆಯೇ?" ಎಂದು ಅವರು ಮತ್ತೆ ಮತ್ತೆ ಕೇಳಿದರು. ಜಗತ್ತಿನ ಆರೋಗ್ಯ ಕಾರ್ಯಕರ್ತರಲ್ಲಿ ಸುಮಾರು ಶೇ 70ರಷ್ಟು ಮಹಿಳೆಯರಿದ್ದರೂ ಹಿರಿಯ ಹುದ್ದೆಗಳಲ್ಲಿ ಅವರ ಪಾಲು ಶೇ 25ರಷ್ಟೇ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿ ಹೇಳುತ್ತದೆ. ಇಷ್ಟು ದೂರ ಹಬ್ಬಿರುವುದು ಒಬ್ಬರ ಧಾಟಿಯಿಂದ ಹುಟ್ಟಿರಲಾರದು ಎಂದೆ. ದನಿ ಏರಿಸುವುದೂ ಬೇಡ, ತಗ್ಗಿಸುವುದೂ ಬೇಡ, ಕಡತದ ದಾರಿಯನ್ನು ಸರಿಪಡಿಸಿ ಎಂಬುದೇ ನನ್ನ ಮುಖ್ಯ ಸಲಹೆಯಾಗಿತ್ತು. ಮೊದಲು ಶಸ್ತ್ರಚಿಕಿತ್ಸಕರೊಂದಿಗೆ ಆಪಾದನೆಯಿಲ್ಲದೆ ಮಾತನಾಡಿ, ತಮ್ಮ ಬಳಿಗೆ ಬಂದ ಆಡಳಿತದ ಕಡತಗಳಿಗೆ ಸಹಿ ಹಾಕದೆ "ಆಡಳಿತ ವೈದ್ಯಾಧಿಕಾರಿಯವರಿಗೆ ಸಲ್ಲಿಸುವುದು" ಎಂದು ಬರೆದು ಹಿಂದಿರುಗಿಸುವಂತೆ ಅವರನ್ನು ಕೇಳಬೇಕು; ಇಂತಹ ರೂಢಿಯಿಂದ ಮನ್ನಣೆ ಪಡೆಯುತ್ತಿರುವವರೇ ಅದನ್ನು ನಿರಾಕರಿಸಿದಾಗ ಅದು ಬೇಗ ನಿಲ್ಲುತ್ತದೆ. ಸಿಬ್ಬಂದಿ ಸಭೆಯ ನಡಾವಳಿ ಅಂದೇ ಎಲ್ಲರ ಕೈಸೇರಲಿ. ಗೊಣಗಿದವರಿಗೆಲ್ಲ ಕಾರಣ ಕೇಳುವ ನೋಟಿಸ್ ಬೇಡ, ಆದರೆ ರಾತ್ರಿ ಪಾಳಿಗೆ ಗೈರಾದವರಿಗೆ ಹಿಂಜರಿಯದೆ ಕೊಡಿ. ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದೂ, ಹುದ್ದೆ ಬಿಡುವ ನಿರ್ಧಾರವನ್ನು ಅಲ್ಲಿಯವರೆಗೆ ತಡೆಹಿಡಿಯಬೇಕೆಂದೂ ಹೇಳಿದೆ.

ಶಸ್ತ್ರಚಿಕಿತ್ಸಕರು ಕೂಡಲೇ ಒಪ್ಪಿದರು. ಅವರಿಗೂ ಅದು ಮುಜುಗರವಾಗಿತ್ತಂತೆ. ಕಡತಗಳು ಈಗ ನೇರವಾಗಿ ಬರುತ್ತಿವೆ, ನಿದ್ದೆ ಸ್ವಲ್ಪ ಸುಧಾರಿಸಿದೆ. ಶುಶ್ರೂಷಾಧಿಕಾರಿಗಳ ಅಸಮಾಧಾನ ಮಾತ್ರ ಉಳಿದಿದೆ. ಅದರಲ್ಲೊಂದು ಪಾಲು ನ್ಯಾಯವಾದದ್ದು: ದೂರದ ಊರುಗಳಿಂದ ಬರುವವರಿಗೆ ಬೆಳಗಿನ ಪಾಳಿಯ ಹೊತ್ತಿಗೆ ತಲುಪಿಸುವ ಬಸ್ಸಿಲ್ಲ. ಪಾಳಿ ಪಟ್ಟಿಯನ್ನು ಅವರೊಂದಿಗೇ ಕುಳಿತು ತಿದ್ದಲು ಸೂಚಿಸಿದ್ದೇನೆ.