ದಿನಕ್ಕೆ ಐದು ಗಂಟೆ ಗೇಮ್ ಆಡ್ತೀನಿ. ಇದು ಹವ್ಯಾಸವೋ, ಚಟವೋ? ಇ-ಸ್ಪೋರ್ಟ್ಸ್‌ಗೆ, ಅಂದರೆ ಗೇಮ್ ಪಂದ್ಯಾವಳಿಗಳಿಗೆ ಹೋದರೆ ಎಲ್ಲರೂ ಇದನ್ನೇ ಪ್ಯಾಶನ್ ಅಂತಾರಲ್ಲ?

ಗಂಟೆ ಎಣಿಸೋದನ್ನ ಮೊದಲು ಬಿಡಿ. ನಾನು ಎಣಿಸಿಕೊಂಡೇ ಕೆಟ್ಟವನು.

ನಾನು ಆಡ್ತಿದ್ದದ್ದು ದಿನಕ್ಕೆ ಎರಡೇ ಗಂಟೆ. ಟೈಮರ್ ಇಟ್ಟುಕೊಂಡು, ಅದು ಹೊಡೆದ ಕೂಡಲೇ ಎದ್ದುಬಿಡ್ತಿದ್ದೆ. ರಾತ್ರಿಯಿಡೀ ಆಡೋ ಗೆಳೆಯರನ್ನ ನೋಡಿ, ಚಟ ಇವರಿಗೆ, ನನಗಲ್ಲ ಅಂತ ಬೀಗ್ತಿದ್ದೆ. ಆದರೆ ಆ ಎರಡು ಗಂಟೆಯನ್ನ ಯಾರಿಗೋಸ್ಕರವೂ ಆಚೀಚೆ ಮಾಡ್ತಿರಲಿಲ್ಲ. ಊಟ, ನಿದ್ದೆ, ಅಮ್ಮನ ಜ್ವರ, ಎಲ್ಲ ಅದಕ್ಕೆ ಹೊಂದಿಕೊಳ್ಳಬೇಕಿತ್ತು.

ಕೆಲಸ ಹುಡುಕ್ತಿದ್ದ ಸಮಯ. ರ್‍ಯಾಂಕ್ಡ್ ಸೀಸನ್ನಿನ (ಗೆಲುವು-ಸೋಲಿನ ಮೇಲೆ ಆಟಗಾರರ ಸ್ಥಾನ ಏರಿಳಿಯೋ ಸುತ್ತಿನ) ಕೊನೇ ಸಂಜೆ, ಮ್ಯಾಚ್ ನಡುವೆ ಫೋನ್ ಬಂತು. ಸಂದರ್ಶನದವರು ಅವತ್ತು ಫೋನ್ ಮಾಡ್ತಾರೆ ಅಂತ ಗೊತ್ತಿತ್ತು. ಆದರೂ ಕಟ್ ಮಾಡಿದೆ. ಯಾಕೆ ಅಂದರೆ, ಅಂಥ ಮ್ಯಾಚನ್ನ ನಡುವೆ ನಿಲ್ಲಿಸೋ ಹಾಗಿಲ್ಲ. ಅರ್ಧಕ್ಕೆ ಬಿಟ್ಟರೆ ಪಾಯಿಂಟ್ ಹೋಗುತ್ತೆ, ಮೇಲಿಂದ ಸ್ವಲ್ಪ ಹೊತ್ತು ಬ್ಯಾನ್, ಜೊತೆಗಿದ್ದ ನಾಲ್ವರ ಬೈಗುಳ ಬೇರೆ. ಗೆದ್ದರೆ ಒಂದು ಮೆಟ್ಟಿಲು ಮೇಲೆ. ಮುಗಿದ ಮೇಲೆ ನಾನೇ ಫೋನ್ ಮಾಡಿದರಾಯ್ತು ಅಂದುಕೊಂಡೆ. ಮಾಡಿದೆ, ಯಾರೂ ಎತ್ತಲಿಲ್ಲ. ಆ ಕೆಲಸ ಬೇರೆಯವರಿಗೆ ಹೋಯ್ತು. ಹೊಸ ಸೀಸನ್ ಶುರುವಾದಾಗ ರ್‍ಯಾಂಕೂ ಎಂದಿನಂತೆ ಕೆಳಗಿಳಿಯಿತು. ಅಂದಹಾಗೆ, ಮ್ಯಾಚ್ ಗೆದ್ದಿದ್ವಿ. ಖುಷಿ ಆಗಲಿಲ್ಲ, ಸದ್ಯ ಸೋಲಲಿಲ್ಲವಲ್ಲ ಅನ್ನಿಸಿತು ಅಷ್ಟೇ.

2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ, ಐಸಿಡಿ-11ರಲ್ಲಿ ಗೇಮಿಂಗ್ ಡಿಸಾರ್ಡರ್ ಅಂತ ಇದೆ. ಅಲ್ಲಿ ಗಂಟೆಯ ಮಿತಿಯೇ ಇಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯಾ, ಮಿಕ್ಕಿದ್ದೆಲ್ಲಕ್ಕಿಂತ ಅದೇ ಮುಂದಾಗಿದೆಯಾ, ಕೈ ಸುಟ್ಟರೂ ಆಡ್ತಾನೇ ಇದ್ದೀರಾ, ಬದುಕು ನಿಜವಾಗಿ ಕೆಡ್ತಿದೆಯಾ ಅಂತ ನೋಡ್ತಾರೆ. ಅದೂ ಸಾಮಾನ್ಯವಾಗಿ 12 ತಿಂಗಳಾದರೂ ನಡೆದಿರಬೇಕು.

ಹಾಗಾಗಿ ನಿಮ್ಮ ಐದು ಗಂಟೆ ನನಗೆ ಏನನ್ನೂ ಹೇಳಲ್ಲ. ರಜೆಯಲ್ಲಿ ಕಥೆ ಇರೋ ಗೇಮ್ ಒಂದನ್ನ ದಿನವಿಡೀ ಆಡಿ ಮುಗಿಸಿದರೆ ಮುಗೀತು. ಡೈಲಿ ರಿವಾರ್ಡ್ (ದಿನಾ ಬಂದರೆ ಬಹುಮಾನ), ಲಾಗಿನ್ ಸ್ಟ್ರೀಕ್ (ಒಂದು ದಿನವೂ ತಪ್ಪಿಸದೆ ಬಂದ ಲೆಕ್ಕ) ಇರೋ ಗೇಮ್‌ಗಳು ಮುಗಿಯೋದೇ ಇಲ್ಲ, ಬೇಕಂತಲೇ ಹಾಗೆ ಮಾಡಿರ್ತಾರೆ. ಅವುಗಳ ಮೇಲೆ ನನಗೆ ಈಗಲೂ ಸಿಟ್ಟು. ಇನ್ನು, ಇ-ಸ್ಪೋರ್ಟ್ಸ್‌ಗೆ ಹೋದರೆ ಎಲ್ಲರೂ ಇದನ್ನೇ ಪ್ಯಾಶನ್ ಅಂತಾರೆ ಅಂತ ಬರೆದಿದ್ದೀರಲ್ಲ, ಕಪ್ ಗೆದ್ದವನಿಗೂ ಚಟ ಇರಬಹುದು ಸ್ವಾಮಿ.

ಗೇಮ್ ಡಿಲೀಟ್ ಮಾಡಿ ಅಂತ ಹೇಳಲ್ಲ, ಮತ್ತೆ ಹಾಕಿಕೊಳ್ಳೋಕೆ ಎಷ್ಟು ಹೊತ್ತು? ಮುಂದಿನ ಸಲ ಮ್ಯಾಚ್ ನಡುವೆ ಮನೆಯಲ್ಲಿ ಕರೆದರೆ ಎದ್ದು ಹೋಗಿ. ಪಾಯಿಂಟ್ ಹೋಗಲಿ. ಏಳೋಕೇ ಆಗ್ತಿಲ್ಲ, ನಿದ್ದೆ ಓದು ಎರಡೂ ಹಾಳಾಗ್ತಿದೆ ಅನ್ನೋದಾದರೆ ನಮ್ಮಂಥವರನ್ನ ಕೇಳ್ತಾ ಕೂರಬೇಡಿ, ಮನೋವೈದ್ಯರ ಹತ್ತಿರ ಹೋಗಿ.