ಪರದೇಶದಲ್ಲಿ ಹಲ್ಲುನೋವು: ಖರ್ಚಿಗೆ ಹೆದರಿ ಕೂತವರಿಗೆ

ಕಳೆದ ಸಂಚಿಕೆಯಲ್ಲಿ, ವಿದೇಶದಲ್ಲಿರುವ ಓದುಗರೂ ಈ ಅಂಕಣಕ್ಕೆ ಬರೆಯಬಹುದು ಎಂದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ನೋವಿಗಿಂತ ಖರ್ಚಿನ ಬಗ್ಗೆಯೇ ಇವೆ. ನಾನು ದಾವಣಗೆರೆಯಲ್ಲಿ ಓದಿದವಳು. ಉತ್ತರ ಇಂಗ್ಲೆಂಡಿನ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಕ್ಲಿನಿಕ್ಕಿನಲ್ಲಿ ಕೆಲವು ವರ್ಷ ದುಡಿದು, ಈಗ ಶಿವಮೊಗ್ಗದಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಅಲ್ಲಿ ನೋವು ತಡೆದುಕೊಂಡು ಬಂದ ನಮ್ಮ ಹುಡುಗರನ್ನೂ ನೋಡಿದ್ದೇನೆ, ಇಲ್ಲಿ ರಜೆಗೆ ಬಂದು ಹತ್ತೇ ದಿನದಲ್ಲಿ ಬಾಯಿ ಪೂರ್ತಿ ಸರಿಮಾಡಿ ಎನ್ನುವವರನ್ನೂ ನೋಡುತ್ತಿದ್ದೇನೆ. ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಶೆಫೀಲ್ಡಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಬಲಗಡೆ ಕೆಳಗಿನ ದವಡೆ ಹಲ್ಲು ಮೂರು ವಾರದಿಂದ ನೋಯುತ್ತಿದೆ. ತಣ್ಣೀರು ತಾಗಿದರೆ ಜೀವ ಹೋದಂತಾಗುತ್ತದೆ, ರಾತ್ರಿ ನಿದ್ದೆಯಿಲ್ಲ. ಹತ್ತಿರದ ಪ್ರೈವೇಟ್ ಕ್ಲಿನಿಕ್ಕಿನಲ್ಲಿ ರೂಟ್ ಕೆನಾಲ್ ಮತ್ತು ಕ್ಯಾಪ್ ಸೇರಿ 1,400 ಪೌಂಡ್ ಎಂದರು. ಊರಿಂದ ತಂದ ಆಂಟಿಬಯಾಟಿಕ್ ನುಂಗುತ್ತಿದ್ದೇನೆ. ಇಲ್ಲಿ ಐದಾರು ಸಾವಿರಕ್ಕೆ ಆಗುತ್ತೆ, ಪರೀಕ್ಷೆ ಮುಗಿಸಿಕೊಂಡು ಬಾ ಅಂತಾರೆ ಅಮ್ಮ. ಎರಡು ತಿಂಗಳು ತಳ್ಳಬಹುದೇ? *(ವಿದ್ಯಾರ್ಥಿನಿ, ಊರು ಹಾಸನ)*

ಉತ್ತರ: ತಳ್ಳಬೇಡಿ. ತಣ್ಣೀರು ತಾಗಿದಾಗ ಚುರ್ ಎಂದು ಎರಡು ಕ್ಷಣದಲ್ಲಿ ನಿಂತರೆ ಅದು ಫಿಲ್ಲಿಂಗ್‌ನಲ್ಲೇ ಮುಗಿಯಬಹುದಾದ ಹುಳುಕು. ನೋವು ಹಾಗೇ ನಿಮಿಷಗಟ್ಟಲೆ ಉಳಿದರೆ, ಮಲಗಿದಾಗ ಹೆಚ್ಚಾದರೆ, ನಿದ್ದೆಯಿಂದ ಎಬ್ಬಿಸಿದರೆ ಒಳಗಿನ ನರ ಕೆಡುತ್ತಿದೆ ಎಂದು ಅರ್ಥ. ನಿಮ್ಮದು ಎರಡನೆಯದು ಅನಿಸುತ್ತದೆ. ಈ ನೋವಿಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಹಲ್ಲನ್ನು ತೆರೆದು ಒಳಗೆ ಸ್ವಚ್ಛ ಮಾಡಲೇಬೇಕು. ಇನ್ನೊಂದು ಮಾತು ನೆನಪಿಡಿ. ಒಂದು ದಿನ ನೋವು ತಾನಾಗಿಯೇ ನಿಂತುಹೋಗಬಹುದು. ಮಾತ್ರೆಯಿಂದ ಗುಣವಾಯಿತು ಎಂದು ಎಲ್ಲರೂ ನಂಬುವುದು ಆಗಲೇ. ಆದರೆ ಅಲ್ಲಿ ನರ ಸತ್ತಿರುತ್ತದೆ. ಬೇರಿನ ತುದಿಯಲ್ಲಿ ಕೀವು ಕಟ್ಟಿಕೊಂಡು ಮುಂದೊಂದು ದಿನ ಮುಖ ಊದುವುದು ಆಮೇಲೆ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ವೀಸಾ ತೆಗೆದುಕೊಳ್ಳುವಾಗಲೇ ನೀವು ಇಮಿಗ್ರೇಷನ್ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದೀರಿ. 2024ರ ಫೆಬ್ರವರಿಯಿಂದ ವಿದ್ಯಾರ್ಥಿಗಳಿಗೆ ಅದು ವರ್ಷಕ್ಕೆ 776 ಪೌಂಡ್. ಹಾಗಾಗಿ ಎನ್‌ಎಚ್‌ಎಸ್‌ನಲ್ಲಿ ಅಲ್ಲಿಯವರಷ್ಟೇ ಹಕ್ಕು ನಿಮಗೂ ಇದೆ. ಹಲ್ಲಿನ ಚಿಕಿತ್ಸೆ ಪುಕ್ಕಟೆಯಲ್ಲ, ಆದರೆ ಎನ್‌ಎಚ್‌ಎಸ್ ದರ ಸರ್ಕಾರ ಗೊತ್ತುಮಾಡಿದ ದರ. ಇಂಗ್ಲೆಂಡಿನಲ್ಲಿ 2025ರ ಏಪ್ರಿಲ್‌ನಲ್ಲಿ ಬಂದ ದರ ಹೀಗಿತ್ತು: ತಪಾಸಣೆ, ಎಕ್ಸ್‌ರೇ ಅಥವಾ ತುರ್ತು ಚಿಕಿತ್ಸೆಗೆ 27.40 ಪೌಂಡ್. ಫಿಲ್ಲಿಂಗ್, ರೂಟ್ ಕೆನಾಲ್, ಹಲ್ಲು ಕೀಳುವುದಕ್ಕೆ 75.30. ಕ್ಯಾಪ್, ಬ್ರಿಡ್ಜ್ (ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ಕಟ್ಟುವ ಹಲ್ಲು), ಸೆಟ್ ಹಲ್ಲಿಗೆ 326.70. ಸಾಮಾನ್ಯವಾಗಿ ಏಪ್ರಿಲ್‌ನಲ್ಲೇ ಇದು ಸ್ವಲ್ಪ ಏರುತ್ತದೆ.

ಇದರಲ್ಲಿ ನಮ್ಮವರಿಗೆ ಯಾರೂ ಬಿಡಿಸಿ ಹೇಳದ ಒಂದು ಅಂಶವಿದೆ. ಈ ದರ ಒಂದೊಂದು ಹಲ್ಲಿಗಲ್ಲ, ಒಂದು ಸುತ್ತಿನ ಚಿಕಿತ್ಸೆಗೆ. ಮೂರು ಹುಳುಕಿದ್ದರೂ ಮೂರಕ್ಕೂ ಸೇರಿ ಆ ಲೆಕ್ಕದಲ್ಲಿ 75.30. ರೂಟ್ ಕೆನಾಲ್ ಮತ್ತು ಕ್ಯಾಪ್ ಒಂದೇ ಸುತ್ತಿನಲ್ಲಿ ಆದರೆ ಎರಡನ್ನೂ ಕೂಡಿಸುವುದಿಲ್ಲ, ಎರಡರಲ್ಲಿ ಹೆಚ್ಚಿನ ದರ ಮಾತ್ರ, ಆ ಲೆಕ್ಕದಲ್ಲಿ 326.70. ಅದಕ್ಕೇ, ಚಿಕಿತ್ಸೆ ಶುರುವಾಗುವ ಮೊದಲು ಏನೇನು ಮಾಡುತ್ತಾರೆ, ಯಾವುದು ಎನ್‌ಎಚ್‌ಎಸ್, ಯಾವುದು ಪ್ರೈವೇಟ್ ಎಂದು ಬರೆದುಕೊಡಲು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಅದಕ್ಕೆಂದೇ ಎಫ್‌ಪಿ17ಡಿಸಿ ಎನ್ನುವ ಫಾರಂ ಇದೆ.

ಕಷ್ಟವಿರುವುದು ಎನ್‌ಎಚ್‌ಎಸ್ ದಂತವೈದ್ಯರನ್ನು ಹುಡುಕುವುದರಲ್ಲಿ. 2024ರ ಫೆಬ್ರವರಿಯಲ್ಲಿ ಬ್ರಿಸ್ಟಲ್‌ನ ಸೇಂಟ್ ಪಾಲ್ಸ್‌ನಲ್ಲಿ ಒಂದು ಕ್ಲಿನಿಕ್ ಎನ್‌ಎಚ್‌ಎಸ್ ರೋಗಿಗಳಿಗೆ ಬಾಗಿಲು ತೆರೆದಾಗ ನೂರಾರು ಜನ ಬೀದಿಯಲ್ಲಿ ಸಾಲು ನಿಂತಿದ್ದರು. ಆದರೂ ದಾರಿಗಳಿವೆ. ಜಿ.ಪಿ. (ಅಲ್ಲಿನ ಸಾಮಾನ್ಯ ವೈದ್ಯರು) ಹತ್ತಿರ ಹೋಗಿ ಪ್ರಯೋಜನವಿಲ್ಲ, ಅವರು ಹಲ್ಲು ಮುಟ್ಟುವುದಿಲ್ಲ. ಇವತ್ತೇ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ, "ನೋವಿಗೆ ರಾತ್ರಿ ಎಚ್ಚರವಾಗುತ್ತಿದೆ, ಮಾತ್ರೆಗೆ ಬಗ್ಗುತ್ತಿಲ್ಲ, ನನಗೆ ದಂತವೈದ್ಯರಿಲ್ಲ" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅರ್ಜೆಂಟ್ ಅಪಾಯಿಂಟ್‌ಮೆಂಟ್ ಕೇಳಿ. ನಮ್ಮ ಹೆಣ್ಣುಮಕ್ಕಳು ಫೋನಿನಲ್ಲಿ "ಪರವಾಗಿಲ್ಲ, ತಡೆದುಕೊಳ್ಳುತ್ತೇನೆ" ಎಂದುಬಿಡುತ್ತಾರೆ. ಹಾಗೆ ಹೇಳಬೇಡಿ, ಆ ಕಡೆಯವರು ಅದನ್ನೇ ಬರೆದುಕೊಳ್ಳುತ್ತಾರೆ. ತುರ್ತಿನಲ್ಲಿ ಹಲ್ಲು ತೆರೆದು ನೋವು ಇಳಿಸುತ್ತಾರೆ. ಮುಂದಿನ ರೂಟ್ ಕೆನಾಲ್ ಬೇರೆ ಸುತ್ತು, ಅದಕ್ಕೆ ಬೇರೆ ದರ. ದಂತವೈದ್ಯರ ವಿಷಯದಲ್ಲಿ ಜಿ.ಪಿ.ಯಂತೆ ವಾಸದ ವ್ಯಾಪ್ತಿಯ ಕಟ್ಟುಪಾಡಿಲ್ಲ. ಹತ್ತಿರದ ಊರುಗಳಾದ ರಾದರಮ್, ಬಾರ್ನ್ಸ್‌ಲಿ, ಚೆಸ್ಟರ್‌ಫೀಲ್ಡ್‌ನ ಕ್ಲಿನಿಕ್ಕುಗಳಿಗೂ ಫೋನ್ ಮಾಡಿ.

ನೀವಿರುವ ಶೆಫೀಲ್ಡಿನಲ್ಲೇ ಚಾರ್ಲ್ಸ್ ಕ್ಲಿಫರ್ಡ್ ದಂತ ಆಸ್ಪತ್ರೆ ಇದೆ, ವಿಶ್ವವಿದ್ಯಾಲಯದ ದಂತ ವಿದ್ಯಾರ್ಥಿಗಳು ಕಲಿಯುವುದೂ ಅಲ್ಲೇ. ಇಂಥ ಕಡೆ ವಿದ್ಯಾರ್ಥಿಗಳು ಮಾಡುವ ಚಿಕಿತ್ಸೆಗೆ ಸಾಮಾನ್ಯವಾಗಿ ಶುಲ್ಕವಿರುವುದಿಲ್ಲ. ಕಾಯಬೇಕಾಗುತ್ತದೆ, ಒಂದೊಂದು ಸಿಟ್ಟಿಂಗ್ ಎರಡು–ಮೂರು ಗಂಟೆ ಹಿಡಿಯುತ್ತದೆ, ಪ್ರತಿ ಹಂತವನ್ನೂ ಮೇಷ್ಟ್ರು ಬಂದು ನೋಡುತ್ತಾರೆ. ಕಲಿಯುವವರ ಕೈಗೆ ಬಾಯಿ ಕೊಡುವುದೇ ಎಂದು ಹೆದರಬೇಡಿ. ಅಷ್ಟು ಹುಷಾರಾಗಿ ಮಾಡುವವರು ಬೇರೆ ಕಡೆ ಸಿಗುವುದು ಅಪರೂಪ.

ಆದಾಯ ಕಡಿಮೆಯಿದ್ದು, ಉಳಿತಾಯ 16,000 ಪೌಂಡಿಗಿಂತ ಹೆಚ್ಚಿಲ್ಲದಿದ್ದರೆ ಎಚ್‌ಸಿ1 ಅರ್ಜಿ ಹಾಕಿ. ಎಚ್‌ಸಿ2 ಪ್ರಮಾಣಪತ್ರ ಬಂದರೆ ಎನ್‌ಎಚ್‌ಎಸ್ ಹಲ್ಲಿನ ಶುಲ್ಕ ಪೂರ್ತಿ ಮಾಫಿ, ಎಚ್‌ಸಿ3 ಬಂದರೆ ಸ್ವಲ್ಪ ಭಾಗ. ಈಗಾಗಲೇ ಹಣ ಕಟ್ಟಿದ್ದರೂ ರಸೀದಿ ಇಟ್ಟುಕೊಂಡು 3 ತಿಂಗಳೊಳಗೆ ವಾಪಸ್ ಕೇಳಬಹುದು. ಆದರೆ ಪ್ರಮಾಣಪತ್ರ ಕೈಗೆ ಬರುವ ಮೊದಲು, ಗೆಳತಿ ಹೇಳಿದಳೆಂದು ಕ್ಲಿನಿಕ್ಕಿನ ಫಾರಂನಲ್ಲಿ "ಶುಲ್ಕ ವಿನಾಯಿತಿ" ಎಂಬಲ್ಲಿ ಟಿಕ್ ಹಾಕಬೇಡಿ. ಆಮೇಲೆ ಪರಿಶೀಲನೆ ಮಾಡುತ್ತಾರೆ. ಚಿಕಿತ್ಸೆಯ ಶುಲ್ಕದ ಮೇಲೆ 100 ಪೌಂಡ್‌ವರೆಗೆ ದಂಡ ಬೀಳುತ್ತದೆ. ತಿಂಗಳ ದಿನಸಿಯ ದುಡ್ಡು ಹೀಗೆ ದಂಡಕ್ಕೆ ಹೋದ ಮಕ್ಕಳನ್ನು ಕಂಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ದಂತವೈದ್ಯರು ಸಿಗುವವರೆಗೆ ನೋವಿಗೆ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಅಸ್ತಮಾ, ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ಐಬುಪ್ರೊಫೇನ್ ಕೂಡ ಆಗುತ್ತದೆ. ಫಾರ್ಮಸಿಯಲ್ಲಿ ಕೇಳಿಯೇ ತೆಗೆದುಕೊಳ್ಳಿ. ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಒಂದು ಹನಿ ಮಾತ್ರ ಇಡಿ, ಜಾಸ್ತಿಯಾದರೆ ವಸಡು ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಒತ್ತಿಡುವುದಂತೂ ಬೇಡವೇ ಬೇಡ. ಊತ ಕಣ್ಣಿನ ಕಡೆಗೋ ಗಂಟಲಿನ ಕಡೆಗೋ ಹರಡಿದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಅಪಾಯಿಂಟ್‌ಮೆಂಟ್ ಕಾಯದೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅದು ಪ್ರಾಣಕ್ಕೆ ಸಂಬಂಧಿಸಿದ್ದು.

ಪ್ರಶ್ನೆ: ಕೆಲಸಕ್ಕೆಂದು ಮ್ಯೂನಿಕ್‌ಗೆ ಹೊಸದಾಗಿ ಬಂದಿದ್ದೇನೆ, ಸರ್ಕಾರಿ ಇನ್ಶೂರೆನ್ಸ್ ಇದೆ. ಹಲ್ಲು ಸದ್ಯಕ್ಕೆ ಚೆನ್ನಾಗಿವೆ. ಏನಾದರೂ ಮಾಡಿಕೊಳ್ಳಬೇಕೇ?

ಉತ್ತರ: ಈ ವರ್ಷವೇ ಒಮ್ಮೆ ದಂತವೈದ್ಯರಲ್ಲಿ ತಪಾಸಣೆ ಮಾಡಿಸಿ ಬೋನಸ್‌ಹೆಫ್ಟ್ (ವರ್ಷವರ್ಷದ ತಪಾಸಣೆ ದಾಖಲಾಗುವ ಪುಸ್ತಕ) ಶುರುಮಾಡಿ, ಪ್ರತಿ ವರ್ಷ ದಾಖಲೆ ಹಾಕಿಸುತ್ತಾ ಹೋಗಿ. ಮುಂದೆ ಕ್ಯಾಪ್ ಅಥವಾ ಬ್ರಿಡ್ಜ್ ಬೇಕಾದಾಗ ಇನ್ಶೂರೆನ್ಸ್ ಕೊಡುವ ಪಾಲು ಸಾಮಾನ್ಯವಾಗಿ 60 ಪ್ರತಿಶತ. 5 ವರ್ಷದ ದಾಖಲೆಯಿದ್ದರೆ 70, 10 ವರ್ಷವಾದರೆ 75. ಈ ಲೆಕ್ಕ ನಿಮ್ಮ ಬಿಲ್ಲಿನ ಮೇಲಲ್ಲ, ಅವರು ಗೊತ್ತುಮಾಡಿದ ಸಾಧಾರಣ ಚಿಕಿತ್ಸೆಯ ವೆಚ್ಚದ ಮೇಲೆ. ಹಾಗಾಗಿ ದುಬಾರಿ ಪಿಂಗಾಣಿ ಆರಿಸಿಕೊಂಡರೆ ವ್ಯತ್ಯಾಸ ಕೈಯಿಂದ ಹೋಗುತ್ತದೆ. ಆದಾಯ ತೀರಾ ಕಡಿಮೆಯಿದ್ದವರಿಗೆ ಸಾಧಾರಣ ಚಿಕಿತ್ಸೆಯ ಪೂರ್ತಿ ವೆಚ್ಚ ಸಿಗುವ ನಿಯಮವೂ ಇದೆ. ನಿಮ್ಮ ಪರಿಚಯದ ವಿದ್ಯಾರ್ಥಿಗಳಿಗೆ ತಿಳಿಸಿ.

ಪ್ರಶ್ನೆ: ವಯಸ್ಸು 66. ಎರಡು ತಿಂಗಳಲ್ಲಿ ನ್ಯೂಜೆರ್ಸಿಯಲ್ಲಿರುವ ಮಗಳ ಬಾಣಂತನಕ್ಕೆ ಹೊರಟಿದ್ದೇನೆ, ಆರು ತಿಂಗಳು ಇರುತ್ತೇನೆ. ಹತ್ತು ವರ್ಷದ ಹಿಂದೆ ಕಟ್ಟಿಸಿದ ಬ್ರಿಡ್ಜ್ ಅಲ್ಲಾಡುತ್ತಿದೆ. ಎರಡು ಸಲ ಕಳಚಿದಾಗ ಮನೆಯಲ್ಲೇ ಫೆವಿಕ್ವಿಕ್ ಹಾಕಿ ಅಂಟಿಸಿದೆವು. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ಇದೆ. ಇನ್ಶೂರೆನ್ಸ್ ಮಾಡಿಸಿದರೆ ಅಲ್ಲಿ ನೋಡುತ್ತಾರೆ ಎನ್ನುತ್ತಾರೆ ಅಳಿಯ. *(ಗೃಹಿಣಿ, ದಾವಣಗೆರೆ)*

ಉತ್ತರ: ಅಳಿಯಂದಿರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಅಮೆರಿಕಕ್ಕೆ ಹೋಗುವ ತಂದೆತಾಯಿಗೆ ಮಾಡಿಸುವ ವಿಸಿಟರ್ ಇನ್ಶೂರೆನ್ಸ್ ಇಂಥದ್ದಕ್ಕೆ ಬರುವುದಿಲ್ಲ. ಅಪಘಾತದಲ್ಲಿ ಹಲ್ಲು ಮುರಿದರೆ ಅಥವಾ ಇದ್ದಕ್ಕಿದ್ದಂತೆ ನೋವು ಬಂದರೆ ಒಂದು ಸಣ್ಣ ಮೊತ್ತ ಸಿಗಬಹುದು. ಮೊದಲೇ ಅಲ್ಲಾಡುತ್ತಿದ್ದ ಬ್ರಿಡ್ಜ್ ಹಳೆಯ ಕಾಯಿಲೆಯ ಲೆಕ್ಕಕ್ಕೆ ಹೋಗುತ್ತದೆ. ಮಗಳ ಕಂಪನಿಯ ಡೆಂಟಲ್ ಇನ್ಶೂರೆನ್ಸ್ ಸಾಮಾನ್ಯವಾಗಿ ಗಂಡ, ಮಕ್ಕಳಿಗೆ ಅನ್ವಯಿಸುತ್ತದೆ, ಅಮ್ಮನಿಗಲ್ಲ. ಅಲ್ಲಿ ಒಂದು ಕ್ಯಾಪ್‌ಗೇ ಸಾವಿರ ಡಾಲರ್ ದಾಟುವುದು ಮಾಮೂಲು.

ಹಾಗಾಗಿ ಈ ವಾರವೇ ದಂತವೈದ್ಯರಲ್ಲಿಗೆ ಹೋಗಿ, ನಿಮಗೆ ಎರಡು ತಿಂಗಳು ಸಮಯವಿದೆ. ಫೆವಿಕ್ವಿಕ್ ಇನ್ನು ಖಂಡಿತ ಬೇಡ. ಅದು ಬಾಯಿಗೆ ಮಾಡಿದ ಅಂಟಲ್ಲ. ಸ್ವಲ್ಪ ಓರೆಯಾಗಿ ಕೂತರೂ ಒತ್ತಡವೆಲ್ಲ ಆಸರೆಯ ಹಲ್ಲಿನ ಮೇಲೆ ಬೀಳುತ್ತದೆ, ಕೆಳಗೆ ಹುಳುಕು ಬೆಳೆದರೂ ಕಾಣುವುದಿಲ್ಲ. ಬ್ರಿಡ್ಜ್ ಪೂರ್ತಿ ಸಡಿಲವಾಗಿದ್ದರೆ ರಾತ್ರಿ ತೆಗೆದಿಟ್ಟು ಮಲಗಿ, ನಿದ್ದೆಯಲ್ಲಿ ಕಳಚಿ ಶ್ವಾಸನಾಳಕ್ಕೆ ಹೋದರೆ ಅಪಾಯ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಆ ವಾರದ ಮಾತ್ರೆ. ಮೂಳೆ ಸವೆತಕ್ಕೆ ವಾರಕ್ಕೊಮ್ಮೆ ಕೊಡುವುದು ಹೆಚ್ಚಾಗಿ ಅಲೆಂಡ್ರೊನೇಟ್ ಥರದ ಮಾತ್ರೆ. ಅದನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕೆಲವರಿಗೆ, ಹಲ್ಲು ಕಿತ್ತ ಜಾಗದ ದವಡೆ ಮೂಳೆ ಮಾಯದೆ ಉಳಿಯುತ್ತದೆ. ಅಪರೂಪವೇ, ಆದರೂ ಹಲ್ಲು ಕೀಳಿಸುವ ಮೊದಲು ಮಾತ್ರೆಯ ಹೆಸರನ್ನೂ ಎಷ್ಟು ವರ್ಷದಿಂದ ಇದೆ ಎಂಬುದನ್ನೂ ವೈದ್ಯರಿಗೆ ಹೇಳಲೇಬೇಕು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಕೀಳಿಸಲೇಬೇಕಾದರೆ ಬೇಗ ಕೀಳಿಸಿ, ವಿಮಾನ ಹತ್ತುವ ಮೊದಲು ಗಾಯ ಮಾಯಲಿ.

ಹೋಗುವಾಗ ಎರಡೂ ದವಡೆಯ ಎಲ್ಲ ಹಲ್ಲು ಒಟ್ಟಿಗೆ ಕಾಣುವ ಹೊಸ ಓಪಿಜಿ ಎಕ್ಸ್‌ರೇ ಮತ್ತು ಎಲ್ಲ ಮಾತ್ರೆಗಳ ಪಟ್ಟಿ ಮಗಳ ಫೋನಿನಲ್ಲಿರಲಿ. ಅಲ್ಲಿ ತೊಂದರೆಯಾದರೆ ನ್ಯೂವರ್ಕ್‌ನ ರಟ್ಗರ್ಸ್ ದಂತ ಕಾಲೇಜು, ನದಿಯಾಚೆ ಮ್ಯಾನ್‌ಹಟನ್‌ನ ಎನ್‌ವೈಯು ದಂತ ಕಾಲೇಜು ಇವೆ. ಖಾಸಗಿ ಕ್ಲಿನಿಕ್ಕಿಗಿಂತ ದರ ಕಡಿಮೆ. ಸರ್ಕಾರದ ನೆರವಿನಿಂದ ನಡೆಯುವ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಕುಟುಂಬದ ಆದಾಯ ನೋಡಿ ಶುಲ್ಕ ಇಳಿಸುತ್ತಾರೆ. ಎಲ್ಲಿಗೆ ಹೋದರೂ ಚಿಕಿತ್ಸೆಯ ಕೋಡ್ ಸಮೇತ ಅಂದಾಜು ಬರೆಸಿಕೊಳ್ಳಿ. ಅಲ್ಲಿ ಪ್ರತಿ ಚಿಕಿತ್ಸೆಗೂ ಡಿ ಅಕ್ಷರದಿಂದ ಶುರುವಾಗುವ ಒಂದು ಕೋಡ್ ಇರುತ್ತದೆ. ಅದು ಕೈಯಲ್ಲಿದ್ದರೆ ಇನ್ನೊಂದು ಕ್ಲಿನಿಕ್ಕಿಗೆ ಫೋನ್ ಮಾಡಿ ಅದೇ ಕೆಲಸದ ದರ ಕೇಳಬಹುದು.

ಪ್ರಶ್ನೆ: ಶಾರ್ಜಾದಲ್ಲಿ ಡ್ರೈವರ್. ಕೆಳಗಡೆ ಎರಡು ದವಡೆ ಹಲ್ಲು ಇಲ್ಲ. ಇಲ್ಲಿನ ಇನ್ಶೂರೆನ್ಸ್ ಹಲ್ಲಿಗೆ ಬರುವುದಿಲ್ಲ. ವರ್ಷಕ್ಕೊಮ್ಮೆ 25 ದಿನ ರಜೆ. ಊರ ಕಡೆಯ ಒಂದು ಕ್ಲಿನಿಕ್ "3 ದಿನದಲ್ಲಿ ಇಂಪ್ಲಾಂಟ್, ಫಿಕ್ಸ್ ಹಲ್ಲು" ಎಂದು ವಾಟ್ಸಾಪ್ ಕಳಿಸಿದೆ. ನಂಬಬಹುದೇ? *(ಊರು ಕುಂದಾಪುರ)*

ಉತ್ತರ: ಊರಲ್ಲೇ ಮಾಡಿಸುವ ನಿಮ್ಮ ಯೋಚನೆ ಸರಿಯಾಗಿಯೇ ಇದೆ. ಆದರೆ ಮೂರು ದಿನದ ಮಾತಿಗೆ ಒಪ್ಪಬೇಡಿ. ಇಂಪ್ಲಾಂಟ್ ಎಂದರೆ ದವಡೆ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಸ್ಕ್ರೂ. ಅದರ ಸುತ್ತ ಮೂಳೆ ಬೆಳೆದು ಹಿಡಿದುಕೊಳ್ಳಲು ಕೆಳದವಡೆಯಲ್ಲಿ ಸುಮಾರು 3 ತಿಂಗಳು, ಮೇಲ್ದವಡೆಯಲ್ಲಿ ಅದಕ್ಕಿಂತ ಹೆಚ್ಚು ಬೇಕು ಎಂಬುದು ಹಳೆಯ, ಪಳಗಿದ ಲೆಕ್ಕ. ಬೇಗ ಹಲ್ಲು ಕೂರಿಸುವ ವಿಧಾನಗಳೂ ಇವೆ, ಆರಿಸಿದ ರೋಗಿಗಳಲ್ಲಿ ಯಶಸ್ವಿಯೂ ಆಗುತ್ತವೆ. ಆದರೆ ಅವರು ವೈದ್ಯರ ಕೈಗೆಟುಕುವಷ್ಟು ಹತ್ತಿರ ಇರಬೇಕು. ನೀವು ನಾಲ್ಕನೇ ದಿನ ವಿಮಾನ ಹತ್ತಿದರೆ, ಎರಡನೇ ತಿಂಗಳಲ್ಲಿ ಸ್ಕ್ರೂ ಅಲ್ಲಾಡಿದಾಗ ನೋಡುವವರು ಯಾರು? ಶಾರ್ಜಾದ ವೈದ್ಯರು ಬೇರೆಯವರ ಕೆಲಸಕ್ಕೆ ಕೈಹಾಕಲು ಹಿಂಜರಿಯುತ್ತಾರೆ, ಹಾಕಿದರೂ ದುಡ್ಡು ಹೊಸದಾಗಿ ಎಣಿಸಬೇಕು.

ವರ್ಷಕ್ಕೊಮ್ಮೆ ಬರುವ ರಜೆ ಇಂಪ್ಲಾಂಟಿಗೆ ಹೇಳಿ ಮಾಡಿಸಿದಂತಿದೆ. ಈ ರಜೆಯಲ್ಲಿ ಸ್ಕ್ರೂ, ಮುಂದಿನ ರಜೆಯಲ್ಲಿ ಕ್ಯಾಪ್. ಮಣಿಪಾಲ ನಿಮ್ಮೂರಿಗೆ ಹತ್ತಿರ, ಮಂಗಳೂರಿನಲ್ಲೂ ದಂತ ಕಾಲೇಜುಗಳಿವೆ. ಟಿಕೆಟ್ ಮಾಡಿಸಿದ ದಿನವೇ ಫೋನ್ ಮಾಡಿ, ರಜೆಯ ಮೊದಲ ವಾರಕ್ಕೇ ಸಮಯ ತೆಗೆದುಕೊಳ್ಳಿ. ಮದುವೆ, ದೇವಸ್ಥಾನ, ನೆಂಟರ ಮನೆ ಎಲ್ಲ ಮುಗಿಸಿ ಕೊನೆಯ ವಾರ ಬರುವವರಿಗೆ ಹೊಲಿಗೆ ಬಿಚ್ಚಲೂ ದಿನ ಉಳಿದಿರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಎಚ್‌ಬಿಎ1ಸಿ (ಎರಡು–ಮೂರು ತಿಂಗಳ ಸರಾಸರಿ ಸಕ್ಕರೆಯ) ಪರೀಕ್ಷೆ ಅಲ್ಲೇ ಮಾಡಿಸಿಕೊಂಡು ಬನ್ನಿ. ಸಿಗರೇಟು, ಗುಟ್ಕಾ ಇದ್ದರೆ ಇವತ್ತಿನಿಂದಲೇ ಬಿಡಿ, ಮೂಳೆ ಹಿಡಿದುಕೊಳ್ಳದೆ ಇಂಪ್ಲಾಂಟ್ ಸೋಲಲು ಅದೊಂದು ದೊಡ್ಡ ಕಾರಣ.

ಇಷ್ಟು ಖರ್ಚು ಈಗ ಆಗದು ಎಂದಾದರೆ ತೆಗೆದು ಹಾಕುವ ಹಲ್ಲು ಮಾಡಿಸಿ, ಅದರಲ್ಲಿ ನಾಚಿಕೆಯೇನಿಲ್ಲ. ಅಕ್ಕಪಕ್ಕದ ಹಲ್ಲುಗಳಿಗೆ ಮೊದಲೇ ಕ್ಯಾಪ್ ಅಥವಾ ದೊಡ್ಡ ಫಿಲ್ಲಿಂಗ್ ಇದ್ದರೆ ಬ್ರಿಡ್ಜ್ ಒಂದೇ ರಜೆಯಲ್ಲಿ ಮುಗಿಯುತ್ತದೆ. ಅವು ಗಟ್ಟಿಮುಟ್ಟಾಗಿದ್ದರೆ ಬ್ರಿಡ್ಜ್‌ಗಾಗಿ ಅರೆಸಿಕೊಳ್ಳಬೇಡಿ. ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಇಂಪ್ಲಾಂಟ್ ಹಾಕಿದ ದಿನ ಅದರ ಡಬ್ಬಿಯಿಂದ ಕಿತ್ತ ಸ್ಟಿಕ್ಕರ್ ಕೇಳಿ ಪಡೆಯಿರಿ. ಬೆರಳಗಲದ ಆ ಚೀಟಿಯಲ್ಲಿ ಕಂಪನಿಯ ಹೆಸರು, ಸ್ಕ್ರೂವಿನ ದಪ್ಪ, ಉದ್ದ, ಲಾಟ್ ನಂಬರ್ ಇರುತ್ತವೆ. ಒಂದೊಂದು ಕಂಪನಿಯ ಸ್ಕ್ರೂಗೆ ಒಂದೊಂದು ಬಗೆಯ ಸ್ಕ್ರೂಡ್ರೈವರ್ ಬೇಕು. ಯಾವ ಕಂಪನಿಯದೆಂದು ಗೊತ್ತಿಲ್ಲದಿದ್ದರೆ, ನಾಳೆ ಕ್ಯಾಪ್ ಸಡಿಲವಾದಾಗ ಶಾರ್ಜಾದ ವೈದ್ಯರಿಗಿರಲಿ, ನನಗೂ ಅದನ್ನು ಬಿಚ್ಚಲು ಬರುವುದಿಲ್ಲ. ಸ್ಟಿಕ್ಕರಿನ ಫೋಟೋ ತೆಗೆದು ಫೋನಿನಲ್ಲೂ ಇಟ್ಟುಕೊಳ್ಳಿ, ಮೂಲವನ್ನು ಪಾಸ್‌ಪೋರ್ಟಿನ ಜತೆ ಇಡಿ. ಕೊಡುವುದಿಲ್ಲ ಎನ್ನುವ ಕ್ಲಿನಿಕ್ ಆದರೆ ಅಲ್ಲಿ ಇಂಪ್ಲಾಂಟ್ ಹಾಕಿಸಬೇಡಿ. ಇದನ್ನು ಮುಂಗಡ ಹಣ ಕಟ್ಟುವ ಮೊದಲೇ ಫೋನಿನಲ್ಲಿ ಕೇಳಿಬಿಡಿ.